ಮಕ್ಕಳ ನಡಿಗೆಗೆ ತಕ್ಕ ದುಡಿಮೆ: ಮುಂಬೈ ಮನೆಗಳಿಗೆ ಸತ್ಯವೇದ ತೋರಿಸುವ ದಾರಿ

ನಮ್ಮ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಮಕ್ಕಳ ಫೀಸು, ಎಲ್ಲವೂ ಅದರ ಚೌಕಗಳಲ್ಲೇ. ಒಂದು ಏಪ್ರಿಲ್‌ನಲ್ಲಿ ಗ್ಯಾಸ್ ಯಾವತ್ತು ಬಂದಿತ್ತು ಅಂತ ನೋಡಲು ಮಾರ್ಚ್ ಪುಟ ತಿರುಗಿಸಿದೆ. ಕೆಲವು ಚೌಕಗಳ ಮೂಲೆಯಲ್ಲಿ ನೀಲಿ ಪೆನ್ನಿನ ಸಣ್ಣ ಚುಕ್ಕೆ ಕಂಡಿತು. ಇಡೀ ತಿಂಗಳಿಗೆ ನಾಲ್ಕೇ ಚುಕ್ಕೆ. ಇದೇನು ಅಂತ ಹೆಂಡತಿಯನ್ನು ಕೇಳಿದೆ. "ನೀವು ಮಕ್ಕಳ ಜೊತೆ ರಾತ್ರಿ ಊಟಕ್ಕೆ ಕೂತ ದಿನ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹಾಲಿನವನ ಲೆಕ್ಕ ಹೇಳುವ ಹಾಗೇ ಹೇಳಿದಳು.

ಆಗ ನಾನು ಅಂಧೇರಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಮನೆ ಡೊಂಬಿವಲಿಯಲ್ಲಿ. ಘಾಟ್‌ಕೋಪರ್ ತನಕ ಲೋಕಲ್, ಅಲ್ಲಿಂದ ಮೆಟ್ರೋ. ಬಾಗಿಲಿಂದ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಮಾರ್ಚ್ ಅಂದರೆ ಇಯರ್ ಎಂಡಿಂಗ್. "ಮನೆಯವರಿಗೋಸ್ಕರವೇ ತಾನೇ ದುಡಿಯುವುದು" ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲಿ ಯಾವಾಗಲೂ ಇರುತ್ತಿತ್ತು. ಆ ನಾಲ್ಕು ಚುಕ್ಕೆ ನೋಡಿದ ಮೇಲೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಆಮೇಲೆ ನಾವಿಬ್ಬರೂ ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲಿಂದ ಓದಿದೆವು. ಈಗ ನಮ್ಮ ಕನ್ನಡ ಸಭೆಯ (ಚರ್ಚಿನ) ಎಳೆಯ ಗಂಡಹೆಂಡಿರು ಮನೆಗೆ ಬಂದು ಕೇಳಿದಾಗ ಅದನ್ನೇ ಹೇಳುತ್ತೇವೆ. ಇಲ್ಲಿ ಬರೆದಿರುವುದೂ ಅದೇ. ಒಂದೇ ವಾರದಲ್ಲಿ ಎಲ್ಲ ಮಾಡಲು ಹೋಗಬೇಡಿ. ಒಂದೊಂದು ಹೆಜ್ಜೆಗೆ ಒಂದು ತಿಂಗಳು ಹಿಡಿದರೂ ಸರಿ.

ಶುರು ಮಾಡುವ ಮುಂಚೆ: ಯಾಕೋಬನ ಮಾತು

ಕೆಲಸ ಮತ್ತು ಮನೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ತಕ್ಕಡಿ ಬರುತ್ತದೆ. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಬೇಕು. ಯಾಕೋಬನ ಕಥೆ ಓದಿದ ಮೇಲೆ ನನಗೆ ಆ ತಕ್ಕಡಿಯ ಮೇಲೆ ನಂಬಿಕೆ ಹೋಯಿತು.

ಯಾಕೋಬ ಮಾವ ಲಾಬಾನನ ಹತ್ತಿರ 20 ವರ್ಷ ದುಡಿದವನು. ಲಾಬಾನನ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾಗಲು 14 ವರ್ಷ, ಕುರಿಮಂದೆಗಾಗಿ 6 ವರ್ಷ. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆಯಿಲ್ಲ, ಹತ್ತು ಸಲ ಸಂಬಳ ಬದಲಾಯಿಸಿದ ಧಣಿ. ಇದೆಲ್ಲ ಆದಿಕಾಂಡ 31ರಲ್ಲಿ ಅವನ ಬಾಯಿಂದಲೇ ಬರುತ್ತದೆ. ಎರಡು ಅಧ್ಯಾಯ ಆದ ಮೇಲೆ ಅಣ್ಣ ಏಸಾವ 400 ಜನರನ್ನು ಕಟ್ಟಿಕೊಂಡು ಎದುರಾಗುತ್ತಾನೆ. ಹೊರಡೋಣ, ನಾನೂ ಜೊತೆಗೆ ಬರುತ್ತೇನೆ ಅನ್ನುತ್ತಾನೆ. ಯಾಕೋಬನ ಉತ್ತರ ನೋಡಿ. ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡುವ ಕುರಿ ದನಗಳಿವೆ, ಒಂದೇ ಒಂದು ದಿನ ಜಾಸ್ತಿ ಓಡಿಸಿದರೂ ಎಲ್ಲ ಸತ್ತು ಹೋದಾವು. ನೀನು ಮುಂದೆ ಹೋಗು. ನಾನು ಮಂದೆಯ ನಡಿಗೆಗೆ, ಮಕ್ಕಳ ನಡಿಗೆಗೆ ತಕ್ಕ ಹಾಗೆ ಮೆಲ್ಲಗೆ ಬರುತ್ತೇನೆ ಅನ್ನುತ್ತಾನೆ.

ಅಣ್ಣನ ಭಯ ಅವನ ಮನಸ್ಸಿನಲ್ಲಿ ಇದ್ದೇ ಇತ್ತು. ಆದರೂ ಆಡಿದ ಮಾತು ಸತ್ಯ. ಮಂದೆ ಅವನ ಜೀವನೋಪಾಯ. ಮಕ್ಕಳು ಅವನ ಮನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಎರಡೂ ಒಂದೇ ದಾರಿಯಲ್ಲಿ ನಡೆಯಬೇಕು, ನಡಿಗೆ ಮಾತ್ರ ಎಳೆಯವರದ್ದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ದುಡಿಮೆ ಶಾಪವಲ್ಲ. ತೋಟ ನೋಡಿಕೊಳ್ಳುವ ಕೆಲಸ ಆದಾಮನಿಗೆ ಸಿಕ್ಕಿದ್ದು ಪಾಪಕ್ಕಿಂತ ಮೊದಲೇ, ಆದಿಕಾಂಡ 2:15ರಲ್ಲಿ. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡಹೆಂಡಿರ ಜೊತೆ ಗುಡಾರ ಮಾಡುವ ಕೆಲಸ ಮಾಡಿದ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೀಳು ಅಂತ 1 ತಿಮೊಥೆ 5:8 ಖಾರವಾಗಿಯೇ ಹೇಳುತ್ತದೆ. ಮನೆ ಸಾಲದ ಕಂತು ಕಟ್ಟಲು ಬೆಳಿಗ್ಗೆ ಆರೂವರೆಯ ಗಾಡಿ ಹಿಡಿಯುವವರು ತಪ್ಪಿತಸ್ಥರ ಹಾಗೆ ಓದಬೇಕಾಗಿಲ್ಲ.

ಮೊದಲ ಹೆಜ್ಜೆ: ನಾಲ್ಕು ವಾರದ ಲೆಕ್ಕ ಬರೆಯಿರಿ

90ನೇ ಕೀರ್ತನೆ ಮೋಶೆಯ ಪ್ರಾರ್ಥನೆ. ನಮ್ಮ ದಿನಗಳನ್ನು ಎಣಿಸಲು ಕಲಿಸು, ಆಗ ನಮಗೆ ಬುದ್ಧಿ ಬರುತ್ತದೆ ಅಂತ ಅದರಲ್ಲಿ ಬೇಡಿಕೊಳ್ಳುತ್ತಾನೆ. ಎಣಿಸದೆ ಬುದ್ಧಿ ಬರುವುದಿಲ್ಲ. ನನ್ನ ಹೆಂಡತಿ ಎಣಿಸಿದ್ದಳು, ನಾನು ಎಣಿಸಿರಲಿಲ್ಲ. ಅಷ್ಟೇ ವ್ಯತ್ಯಾಸ.

ಗೋಡೆಯ ಕ್ಯಾಲೆಂಡರೇ ಸಾಕು. ಮೊಬೈಲ್ ಆಪ್ ಬೇಡ, ಯಾಕೆಂದರೆ ಮನೆಯವರೆಲ್ಲರ ಕಣ್ಣಿಗೆ ಬೀಳಬೇಕು. ದಿನದ ಚೌಕದಲ್ಲಿ ಮೂರೇ ಗುರುತು ಹಾಕಿ. ಮನೆಯವರ ಜೊತೆ ಊಟ ಮಾಡಿದರೆ ಒಂದು ಚುಕ್ಕೆ. ಮಗುವಿನ ಜೊತೆ, ಮಗು ಇಲ್ಲದಿದ್ದರೆ ಗಂಡ ಅಥವಾ ಹೆಂಡತಿಯ ಜೊತೆ, ಫೋನ್ ಪಕ್ಕಕ್ಕಿಟ್ಟು ಹದಿನೈದು ನಿಮಿಷ ಮಾತಾಡಿದರೆ ಒಂದು ಗೆರೆ. ಮನೆಗೆ ಬಂದ ಮೇಲೂ ಆಫೀಸಿನ ಕೆಲಸ ಮಾಡಿದರೆ ಒಂದು ಅಡ್ಡಗುರುತು. ಪ್ರಯಾಣದ ಗಂಟೆಗಳನ್ನು ಬೇರೆ ಬರೆಯಿರಿ. ಅವನ್ನು ಕೆಲಸಕ್ಕೂ ಸೇರಿಸಬೇಡಿ, ಮನೆಗೂ ಸೇರಿಸಬೇಡಿ. ಮುಂಬೈಯಲ್ಲಿ ಅದೇ ಒಂದು ಮೂರನೇ ಮನೆ ಇದ್ದ ಹಾಗೆ. ಅದರ ವಿಷಯ ಮುಂದೆ ಬರುತ್ತದೆ.

ಗುರುತು ಹಾಕುವುದು ನೀವಲ್ಲ, ಮನೆಯಲ್ಲಿ ಇನ್ನೊಬ್ಬರು. ನಾವೇ ಹಾಕಿದರೆ ಟಿವಿ ಮುಂದೆ ಕೂತ ಊಟವೂ ಚುಕ್ಕೆ ಆಗಿಬಿಡುತ್ತದೆ. ನಮ್ಮಲ್ಲಿ ಆಮೇಲೆ ಈ ಕೆಲಸವನ್ನು ಮಗಳು ವಹಿಸಿಕೊಂಡಳು. ಅವಳು ತುಂಬಾ ಕಟ್ಟುನಿಟ್ಟು.

ನಾಲ್ಕು ವಾರ ಏನನ್ನೂ ಬದಲಾಯಿಸಲು ಹೋಗಬೇಡಿ. ಸುಮ್ನೆ ಬರೆಯಿರಿ.

ಎರಡನೇ ಹೆಜ್ಜೆ: "ಯಾರಿಗೋಸ್ಕರ?" ಅಂತ ಕೇಳಿಕೊಳ್ಳಿ

ಪ್ರಸಂಗಿ 4ನೇ ಅಧ್ಯಾಯದಲ್ಲಿ ಒಬ್ಬ ಒಂಟಿ ಮನುಷ್ಯ ಬರುತ್ತಾನೆ. ಮಗನಿಲ್ಲ, ತಮ್ಮನಿಲ್ಲ. ಆದರೂ ದುಡಿಮೆಗೆ ಕೊನೆಯಿಲ್ಲ, ಕಣ್ಣಿಗೆ ಹಣ ಸಾಲದು. ನಾನು ಯಾರಿಗೋಸ್ಕರ ಇಷ್ಟು ಕಷ್ಟಪಡುತ್ತಿದ್ದೇನೆ ಅಂತ ಅವನು ಕೇಳಿಕೊಳ್ಳುವುದೇ ಇಲ್ಲ. ಅದಕ್ಕಿಂತ ಎರಡೇ ವಚನ ಮುಂಚೆ ಒಂದು ಸೊಗಸಾದ ಮಾತಿದೆ: ಗಾಳಿಯ ಹಿಂದೆ ಓಡಿ ಎರಡು ಕೈ ತುಂಬಿಸಿಕೊಳ್ಳುವುದಕ್ಕಿಂತ ನೆಮ್ಮದಿಯ ಒಂದು ಹಿಡಿಯೇ ಲೇಸು.

ಈ ಒಂದು ಹಿಡಿ ಅಂದರೆ ನಮ್ಮ ಮನೆಗೆ ಎಷ್ಟು? ಇದನ್ನು ಗಂಡಹೆಂಡಿರು ಕೂತು ರೂಪಾಯಿಯಲ್ಲಿ ಬರೆಯಬೇಕು. ಬಾಡಿಗೆ ಅಥವಾ ಕಂತು, ಫೀಸು, ರೇಷನ್ನು, ಊರಿಗೆ ಕಳಿಸುವುದು, ಕಾಣಿಕೆ, ಔಷಧಿ, ಕಷ್ಟಕಾಲಕ್ಕೆ ಇಡುವುದು. ಕೂಡಿಸಿ. ಆ ಮೊತ್ತದ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಬರುವುದಕ್ಕೆ ದುಡಿಯಲೇಬೇಕು. ಗೆರೆಯ ಕೆಳಗೆ ಬರುವ ಪ್ರತಿಯೊಂದಕ್ಕೂ ಎಷ್ಟು ಸಂಜೆ ಕೊಡುತ್ತಿದ್ದೇವೆ ಅಂತ ಪಕ್ಕದಲ್ಲೇ ಬರೆಯಿರಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸ ಹುದ್ದೆಗೆ ತಿಂಗಳಿಗೆ 8,000 ರೂಪಾಯಿ ಜಾಸ್ತಿ ಕೊಡುತ್ತಾರೆ. ವಾರಕ್ಕೆ ಮೂರು ಸಂಜೆ ಹೋಗುತ್ತದೆ. ತಿಂಗಳಿಗೆ ಹನ್ನೆರಡು ಸಂಜೆ. ತಡವಾದ ದಿನ ಸ್ಟೇಷನ್ನಿಂದ ರಿಕ್ಷಾ, ಹೊರಗಿನ ತಿಂಡಿ, ಮಗುವನ್ನು ಜಾಸ್ತಿ ಹೊತ್ತು ನೋಡಿಕೊಳ್ಳುವವರಿಗೆ ಕೊಡುವುದು, ಇದೆಲ್ಲ ಕಳೆದರೆ ಕೈಯಲ್ಲಿ 5,000 ಉಳಿಯಿತು ಅನ್ನಿ. ಒಂದು ಸಂಜೆಗೆ 400 ರೂಪಾಯಿ ಸುಮಾರು. ಆ ಬೆಲೆಗೆ ಕೊಡುತ್ತೀರಾ? ಕೆಲವೊಮ್ಮೆ ಉತ್ತರ "ಕೊಡುತ್ತೇವೆ" ಅಂತಲೇ ಬರುತ್ತದೆ. ಅತ್ತೆಯ ಡಯಾಲಿಸಿಸ್ ನಡೆಯುತ್ತಿದ್ದ ಒಂದು ಮನೆಯಲ್ಲಿ ಹಾಗೇ ಬಂತು, ಅದೇ ಸರಿಯಾಗಿತ್ತು. ತೊಂದರೆ ಇರುವುದು ಲೆಕ್ಕ ಮಾಡದೆ ಕೊಟ್ಟುಬಿಡುವುದರಲ್ಲಿ.

ದ್ವೇಷವಿರುವ ಮನೆಯ ಕೊಬ್ಬಿದ ಎತ್ತಿನ ಊಟಕ್ಕಿಂತ ಪ್ರೀತಿಯಿರುವ ಮನೆಯ ಸೊಪ್ಪಿನ ಊಟ ಉತ್ತಮ, ಜ್ಞಾನೋಕ್ತಿ 15:17. ನಮ್ಮ ಮನೆಯಲ್ಲಿ ಮಂಗಳವಾರ ಗಂಜಿ, ಚಟ್ನಿ, ಒಂದು ಪಲ್ಯ ಅಷ್ಟೇ. ಅಡುಗೆಗೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಹೆಂಡತಿಯದ್ದು.

ಮೂರನೇ ಹೆಜ್ಜೆ: ಹೊರೆ ಇಳಿಸಿ

ವಿಮೋಚನಕಾಂಡ 18ನ್ನು ಆಡಳಿತದ ಪಾಠ ಅಂತ ಎಲ್ಲರೂ ಹೇಳುತ್ತಾರೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಧಿಕಾರಿಯನ್ನು ನೇಮಿಸು ಅಂತ ಮಾವ ಇತ್ರೋ ಮೋಶೆಗೆ ಬುದ್ಧಿ ಹೇಳಿದ. ಅದು ನಿಜ. ಆದರೆ ಆ ಅಧ್ಯಾಯದ ಮೊದಲ ವಚನಗಳನ್ನು ನಿಧಾನವಾಗಿ ಓದಿ. ಇತ್ರೋ ಒಬ್ಬನೇ ಬರಲಿಲ್ಲ. ಮೋಶೆ ತವರಿಗೆ ಕಳಿಸಿದ್ದ ಹೆಂಡತಿ ಚಿಪ್ಪೋರಳನ್ನೂ, ಗೇರ್ಷೋಮ್, ಎಲೀಯೆಜೆರ್ ಅನ್ನುವ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದ. ನಿನ್ನ ಹೆಂಡತಿ ಮಕ್ಕಳ ಜೊತೆ ಬರುತ್ತಿದ್ದೇನೆ ಅಂತ ಮುಂಚೆಯೇ ಹೇಳಿ ಕಳಿಸಿದ. ಮೋಶೆ ಹೊರಗೆ ಬಂದು ಮಾವನಿಗೆ ನಮಸ್ಕರಿಸಿ, ಮುದ್ದಿಟ್ಟು, ಕ್ಷೇಮ ವಿಚಾರಿಸಿ, ಗುಡಾರದೊಳಗೆ ಕರೆದುಕೊಂಡು ಹೋದ. ಮರುದಿನ ಏನಾಯಿತು? ಬೆಳಿಗ್ಗೆಯಿಂದ ಸಾಯಂಕಾಲದ ತನಕ ಮೋಶೆ ಜನರ ವ್ಯಾಜ್ಯ ತೀರಿಸಲು ಕೂತ.

ಚಿಪ್ಪೋರ ಏನಂದಳು ಅಂತ ಅಲ್ಲಿ ಬರೆದಿಲ್ಲ. ಮಾತಾಡಿದ್ದು ಅವಳ ಅಪ್ಪ. ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಸೋತು ಹೋಗುತ್ತೀ, ನಿನ್ನ ಜೊತೆ ಈ ಜನವೂ ಸೋತು ಹೋಗುತ್ತಾರೆ ಅಂದ. ಮಗಳ ಮನೆ ನೋಡಲು ಬಂದ ಅಪ್ಪ ಅಂತ ಇಟ್ಟುಕೊಂಡು ಇದನ್ನು ಓದಿದರೆ ನನಗೆ ಎದೆ ಭಾರವಾಗುತ್ತದೆ. ಮೋಶೆಯ ದೊಡ್ಡತನ ಏನೆಂದರೆ ಮಾವ ಹೇಳಿದ್ದನ್ನೆಲ್ಲ ಹಾಗೇ ಮಾಡಿದ.

ಈಗ ಕೆಲಸದ ಮಾತು. ಒಂದು ಹಾಳೆಯಲ್ಲಿ ನಿಮ್ಮ ಆಫೀಸಿನ ಕೆಲಸಗಳನ್ನೆಲ್ಲ ಬರೆಯಿರಿ. ನೀವೇ ಮಾಡಬೇಕಾದದ್ದಕ್ಕೆ ಒಂದು ಗುರುತು. ಕಲಿಸಿಕೊಟ್ಟರೆ ಬೇರೆಯವರು ಮಾಡಬಹುದಾದದ್ದಕ್ಕೆ ಇನ್ನೊಂದು. ಯಾರೂ ಮಾಡದಿದ್ದರೂ ನಡೆಯುವುದಕ್ಕೆ ಮತ್ತೊಂದು. ನಾನು ಬರೆದಾಗ ದಿನಾ ಸಂಜೆ ಕಳಿಸುತ್ತಿದ್ದ ಒಂದು ರಿಪೋರ್ಟನ್ನು ಯಾರೂ ತೆರೆದು ನೋಡುತ್ತಿರಲಿಲ್ಲ ಅಂತ ಗೊತ್ತಾಯಿತು. ದಿನಕ್ಕೆ ಇಪ್ಪತ್ತೈದು ನಿಮಿಷ. ಮೂರು ವರ್ಷ ಕಳಿಸಿದ್ದೆ.

ಮೇಲಿನವರ ಹತ್ತಿರ ಮಾತಾಡುವಾಗ ಕಷ್ಟ ತೋಡಿಕೊಳ್ಳುವುದಕ್ಕಿಂತ ಒಂದು ಏರ್ಪಾಡು ಹಿಡಿದುಕೊಂಡು ಹೋಗಿ. "ಸರ್, ಮಂಗಳವಾರ, ಗುರುವಾರ ಆರು ಗಂಟೆಗೆ ಹೊರಡುತ್ತೇನೆ. ಆ ದಿನ ಎಂಟೂವರೆಗೇ ಬಂದಿರುತ್ತೇನೆ. ಬ್ಯಾಂಕಿನ ಕೆಲಸ ನಾನಿಲ್ಲದಾಗ ಇವರು ನೋಡುತ್ತಾರೆ, ಕಲಿಸಿದ್ದೇನೆ. ಒಂದು ತಿಂಗಳು ನೋಡೋಣ" ಅಂತ ನಾನು ಕೇಳಿದೆ. ಎಲ್ಲ ಕಡೆ ಒಪ್ಪುತ್ತಾರೆ ಅಂತ ಹೇಳಲಾರೆ. ಆದರೆ ಬಹಳ ಜನ ಕೇಳುವುದೇ ಇಲ್ಲ. ಸಿಗಬೇಕಾದದ್ದು ಏನು ಅಂತಲೂ ತಿಳಿದುಕೊಳ್ಳುವುದಿಲ್ಲ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. 50 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಶಿಶುವಿಹಾರದ ಸೌಲಭ್ಯ ಇರಬೇಕು. ಇದು 2017ರಿಂದ ಕಾನೂನು.

ಮನೆಯ ಹೊರೆಯನ್ನೂ ಇದೇ ಹಾಳೆಯ ಹಿಂದೆ ಬರೆಯಿರಿ. ಇಲ್ಲಿ ಗಂಡಸರಿಗೆ ಒಂದು ವಿನಂತಿ. ಜ್ಞಾನೋಕ್ತಿ 31ನ್ನು ಹೆಂಡತಿಯ ಮೇಲೆ ಬೀಸುವ ಕೋಲು ಮಾಡಬೇಡಿ. ಆ ಹೆಣ್ಣುಮಗಳು ಬೆಳಗಾಗುವ ಮುಂಚೆ ಏಳುತ್ತಾಳೆ, ಹೊಲ ಕೊಳ್ಳುತ್ತಾಳೆ, ದ್ರಾಕ್ಷಿತೋಟ ಹಾಕುತ್ತಾಳೆ, ಎಲ್ಲ ಹೌದು. ಆದರೆ ಅವಳ ಮನೆಯಲ್ಲಿ ಕೆಲಸದವರಿದ್ದರು ಅಂತಲೂ ಅದೇ ಅಧ್ಯಾಯದಲ್ಲಿ ಬರೆದಿದೆ. ಠಾಣೆಯಿಂದ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಬಂದು, ನೇರ ಒಲೆ ಮುಂದೆ ನಿಲ್ಲುವವಳಿಗೆ ಆ ಅಧ್ಯಾಯ ಓದಿ ಹೇಳುವ ಮುಂಚೆ ನಾವು ಕುಕ್ಕರ್ ಇಟ್ಟಿರಬೇಕು.

ನಾಲ್ಕನೇ ಹೆಜ್ಜೆ: ವಾರದಲ್ಲಿ ಒಂದು ದಿನ

ಹತ್ತು ಆಜ್ಞೆಗಳು ಎರಡು ಕಡೆ ಬರುತ್ತವೆ. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ ಕೊಡುವ ಕಾರಣ ಮಾತ್ರ ಬೇರೆ ಬೇರೆ. ವಿಮೋಚನಕಾಂಡ 20ರಲ್ಲಿ ದೇವರು ಏಳನೇ ದಿನ ವಿಶ್ರಮಿಸಿದ ಅನ್ನುವುದು ಕಾರಣ. ಧರ್ಮೋಪದೇಶಕಾಂಡ 5ರಲ್ಲಿ, ನೀನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದೆ ಅನ್ನುವುದನ್ನು ಮರೆಯಬೇಡ ಅನ್ನುವುದು ಕಾರಣ. ದಾಸನಿಗೆ ರಜೆ ಇಲ್ಲ. ಬಿಡುಗಡೆಯಾದವನಿಗೆ ಇದೆ.

ಇದು ನನಗೆ ಅರ್ಥವಾದದ್ದು ಅಪ್ಪನ ಬದುಕಿನಿಂದ. ಅಪ್ಪ ಹುಡುಗನಾಗಿದ್ದಾಗ ಕರಾವಳಿಯಿಂದ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವರು. ಬೆಳಿಗ್ಗೆ ಐದಕ್ಕೆ ಏಳುವುದು, ಸಂಜೆ ಕನ್ನಡ ರಾತ್ರಿಶಾಲೆ, ಮತ್ತೆ ಬಂದು ನೆಲ ಒರೆಸಿ ಅಲ್ಲೇ ಮಲಗುವುದು. ವಾರದ ರಜೆ ಅನ್ನುವ ಮಾತೇ ಗೊತ್ತಿರಲಿಲ್ಲ. ಮುಂದೆ ಗುಮಾಸ್ತರಾದರು. ಆಮೇಲೆ ಸಾಯುವ ತನಕ ಒಂದು ಭಾನುವಾರವೂ ಕೆಲಸ ಮುಟ್ಟಲಿಲ್ಲ. ಆರಾಧನೆ ಮುಗಿಸಿ ಬಂದು, ಷರ್ಟ್ ಬಿಚ್ಚಿ, ಬನಿಯನ್‌ನಲ್ಲಿ ಕೂತು ನಮಗೆಲ್ಲ ಹಲಸಿನ ಹಣ್ಣು ಬಿಡಿಸಿ ಕೊಡುತ್ತಿದ್ದರು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಒಂದೊಂದೇ ತೊಳೆ. ಅವಸರವೇ ಇಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಅಂಗಡಿಯನ್ನು 365 ದಿನವೂ ತೆರೆದಿಡಬಹುದು, ಆದರೆ ಕೆಲಸಗಾರನಿಗೆ ವಾರಕ್ಕೊಂದು ರಜೆ ಕೊಡಬೇಕು. ಹೋಟೆಲ್ ನಡೆಸುವ ನಮ್ಮವರು ಸಭೆಯಲ್ಲಿ ಬಹಳ ಇದ್ದಾರೆ. ಅವರಿಗೆ ಒಂದು ಮಾತು. ಸಬ್ಬತ್ ಆಜ್ಞೆಯಲ್ಲಿ ನೀನು ಮಾತ್ರ ವಿಶ್ರಮಿಸು ಅಂತ ಇಲ್ಲ. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಎಲ್ಲರ ಹೆಸರೂ ಇದೆ. ನಿಮ್ಮ ಕಿಚನ್‌ನಲ್ಲಿರುವ ಹುಡುಗನೂ, ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸೂ ಆ ಪಟ್ಟಿಯಲ್ಲಿದ್ದಾರೆ.

ಭಾನುವಾರ ರಜೆ ಸಿಗದ ನರ್ಸ್‌ಗಳು, ಶಿಫ್ಟಿನವರು ಬೇರೆ ದಿನ ಇಟ್ಟುಕೊಳ್ಳಿ. ಒಬ್ಬ ಒಂದು ದಿನವನ್ನು ದೊಡ್ಡದೆಂದು ಎಣಿಸುತ್ತಾನೆ, ಇನ್ನೊಬ್ಬ ಎಲ್ಲ ದಿನಗಳನ್ನೂ ಸಮ ಅನ್ನುತ್ತಾನೆ, ಅವರವರ ಮನಸ್ಸಿಗೆ ನಿಶ್ಚಯವಿರಲಿ ಅಂತ ರೋಮಾಪುರ 14:5 ಹೇಳುತ್ತದೆ. ಗಂಡಹೆಂಡಿರ ರಜೆ ಬೇರೆ ಬೇರೆ ದಿನ ಬಂದರೆ ತಿಂಗಳಿಗೆ ಎರಡಾದರೂ ಕೂಡಿಬರುವ ಹಾಗೆ ರೋಸ್ಟರ್ ಬರುವ ಮುಂಚೆಯೇ ಕೇಳಿ.

ಈ ದಿನವನ್ನು ಉಳಿಸುವುದು ಹಿಂದಿನ ದಿನದ ಕೆಲಸ. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಕಥೆಯಲ್ಲಿ ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಬೇಕಿತ್ತು. ಏಳನೇ ದಿನವೂ ಕೆಲವರು ಹೊರಗೆ ಹೋದರು, ಏನೂ ಸಿಗಲಿಲ್ಲ. ನಮ್ಮಲ್ಲಿ ಶನಿವಾರ ಸಂಜೆಯೇ ಇಸ್ತ್ರಿ, ತರಕಾರಿ, ಇಡ್ಲಿ ಹಿಟ್ಟು ಮುಗಿಯುತ್ತದೆ. ಸೆಂಟ್ರಲ್ ಲೈನಿನಲ್ಲಿ ಬಹಳಷ್ಟು ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು) ಇರುತ್ತದೆ, ಅದನ್ನೂ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಪ್ಲಾಟ್‌ಫಾರಂ ಮೇಲೆ ಮಕ್ಕಳ ಜೊತೆ ಜಗಳವಾಡಿಕೊಂಡು ಆರಾಧನೆಗೆ ತಲುಪಿದರೆ ಏನು ಬಂತು? ಆಫೀಸಿನ ಫೋನನ್ನು ನಾವು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಡುತ್ತೇವೆ.

ಕೆಲವು ಸಲ ಈ ದಿನ ಮುರಿಯುತ್ತದೆ. ಬನ್ನಿ, ಏಕಾಂತಕ್ಕೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಯೇಸು ಶಿಷ್ಯರಿಗೆ ಹೇಳಿದ್ದು ಮಾರ್ಕ 6:31ರಲ್ಲಿದೆ. ಅವರಿಗೆ ಊಟಕ್ಕೂ ಸಮಯವಿರಲಿಲ್ಲ. ದೋಣಿ ದಡ ಸೇರುವಷ್ಟರಲ್ಲಿ ಜನ ಅಲ್ಲಿಗೂ ಓಡಿ ಬಂದಿದ್ದರು. ಯೇಸು ಅವರನ್ನು ಬೈಯಲಿಲ್ಲ, ಕನಿಕರಪಟ್ಟ. ಆದರೆ ಅದೇ ಸಂಜೆ ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಕಳಿಸಿ, ಪ್ರಾರ್ಥನೆಗೆ ಬೆಟ್ಟ ಹತ್ತಿದ. ಮುರಿದ ವಿಶ್ರಾಂತಿಯನ್ನು ಅದೇ ದಿನ, ಹೆಚ್ಚೆಂದರೆ ಅದೇ ವಾರ ತುಂಬಿಸಿಕೊಳ್ಳಿ.

ಐದನೇ ಹೆಜ್ಜೆ: ದಾರಿಯನ್ನು ಬಳಸಿ

ದೇವರ ಮಾತುಗಳನ್ನು ಮಕ್ಕಳ ಜೊತೆ ಯಾವಾಗ ಮಾತಾಡಬೇಕು? ಧರ್ಮೋಪದೇಶಕಾಂಡ 6:7 ನಾಲ್ಕು ಹೊತ್ತು ಹೇಳುತ್ತದೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕೂ ನಮಗೆ ಈಗಾಗಲೇ ಇರುವ ಹೊತ್ತು. ಹೊಸದಾಗಿ ಸಮಯ ಹುಟ್ಟಿಸಬೇಕಾಗಿಲ್ಲ.

ಮಗಳನ್ನು ಶಾಲೆಯ ಬಸ್ಸಿನ ತನಕ ನಡೆಸಿಕೊಂಡು ಹೋಗುವುದು ಹನ್ನೊಂದು ನಿಮಿಷ. ಅದನ್ನು ನಾನು ತೆಗೆದುಕೊಂಡೆ. ಮೊದಲ ವಾರ ಇಬ್ಬರಿಗೂ ಮಾತು ಹೊರಡಲಿಲ್ಲ. ಆಮೇಲೆ ಅವಳ ಗೆಳತಿಯರ ಜಗಳ, ಗಣಿತದ ಭಯ, ಅಜ್ಜ ಎಲ್ಲಿ ಹೋದರು ಅನ್ನುವ ಪ್ರಶ್ನೆ, ಎಲ್ಲ ಆ ಹನ್ನೊಂದು ನಿಮಿಷದಲ್ಲೇ ಬಂದವು. ಸಂಜೆ ಗಾಡಿಯಲ್ಲಿ ಮುಂಬ್ರಾ ದಾಟಿದ ಮೇಲೆ ಆಫೀಸಿನ ಮೆಸೇಜ್ ನೋಡುವುದಿಲ್ಲ ಅಂತ ಒಂದು ಗಡಿ ಹಾಕಿಕೊಂಡೆ. ಅಲ್ಲಿಂದ ಮನೆ ತನಕ ಸುಮ್ನೆ ಇರುವುದು, ಒಂದು ಕೀರ್ತನೆ ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಬಾಗಿಲು ತೆರೆಯುವಾಗ ಮುಖದ ಮೇಲೆ ಬ್ಯಾಲೆನ್ಸ್ ಶೀಟ್ ಇರಬಾರದು ನೋಡಿ.

ಆರನೇ ಹೆಜ್ಜೆ: ಸಭೆಯ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿ

ಇದನ್ನು ಬರೆಯಲು ನನಗೆ ಸ್ವಲ್ಪ ಕಷ್ಟ. ಆದರೆ ವಿಶ್ವಾಸಿಗಳ ಮನೆಯಲ್ಲಿ ಹೆಚ್ಚು ನೋವು ಇಲ್ಲೇ ಇದೆ.

ಆಫೀಸು ಕಡಿಮೆ ಮಾಡಿದ ಮೇಲೆ ಸಿಕ್ಕ ಸಂಜೆಗಳನ್ನು ನಾನು ಕಮಿಟಿಗೆ, ಕ್ವಾಯರಿಗೆ, ಮನೆಮನೆ ಕೂಟಗಳಿಗೆ ಕೊಟ್ಟುಬಿಟ್ಟೆ. ದೇವರ ಕೆಲಸ ಅಲ್ವಾ ಅಂತ. ಕ್ಯಾಲೆಂಡರಿನಲ್ಲಿ ಚುಕ್ಕೆಗಳು ಮತ್ತೆ ಕಡಿಮೆಯಾದವು. ಆಗ ಮಾರ್ಕ 7 ಓದಿದೆ. ತಂದೆತಾಯಿಗೆ ಕೊಡಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮುಡಿಪು ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಅಲ್ಲಿ ಗಟ್ಟಿಯಾಗಿ ಖಂಡಿಸುತ್ತಾನೆ. ದೇವರ ಹೆಸರಿನಲ್ಲಿ ಮನೆಯವರ ಪಾಲನ್ನು ಕಿತ್ತುಕೊಳ್ಳುವುದನ್ನು ದೇವರೇ ಒಪ್ಪುವುದಿಲ್ಲ.

ಏಲಿ 40 ವರ್ಷ ಇಸ್ರಾಯೇಲನ್ನು ನಡೆಸಿದ ಯಾಜಕ. ಅವನ ಮಕ್ಕಳು ಹೊಫ್ನಿ, ಫೀನೆಹಾಸ ದೇವಾಲಯದಲ್ಲೇ ಕೆಟ್ಟರು. ಏಲಿ ಬಾಯಿಮಾತಿನಲ್ಲಿ ಬುದ್ಧಿ ಹೇಳಿದ, ತಡೆಯಲಿಲ್ಲ. ಇದನ್ನೆಲ್ಲ ಅದೇ ಮನೆಯಲ್ಲಿ ಬೆಳೆದ ಹುಡುಗ ಸಮುವೇಲ ಕಣ್ಣಾರೆ ನೋಡಿದ. ಆ ಮನೆಗೆ ಬರುವ ಶಿಕ್ಷೆಯನ್ನು ದೇವರು ಹೇಳಿದ್ದೂ ಅವನಿಗೇ. ದೊಡ್ಡವನಾದ ಮೇಲೆ ಸಮುವೇಲ ವರ್ಷವರ್ಷವೂ ಬೇತೇಲ್, ಗಿಲ್ಗಾಲ್, ಮಿಚ್ಪೆ ಸುತ್ತಿ ನ್ಯಾಯ ತೀರಿಸಿ ರಾಮಾಕ್ಕೆ ಹಿಂದಿರುಗುತ್ತಿದ್ದ, ಯಾಕೆಂದರೆ ಅವನ ಮನೆ ಅಲ್ಲಿತ್ತು. ಮುಂದಿನ ಅಧ್ಯಾಯದಲ್ಲೇ ಅವನ ಮಕ್ಕಳು ಯೋವೇಲ್, ಅಬೀಯ ಲಂಚ ತಿಂದ ಸುದ್ದಿ. ಸಮುವೇಲ ಏನು ತಪ್ಪು ಮಾಡಿದ ಅಂತ ಸತ್ಯವೇದ ಹೇಳುವುದಿಲ್ಲ, ನಾನೂ ಹೇಳಲಾರೆ. ಮಕ್ಕಳು ಅವರವರ ದಾರಿಯನ್ನೂ ಆರಿಸಿಕೊಳ್ಳುತ್ತಾರೆ. ಆದರೆ ಪಕ್ಕದ ಮನೆಯ ತಪ್ಪು ನೋಡಿದ ಮಾತ್ರಕ್ಕೆ ನಮ್ಮ ಮನೆ ಉಳಿಯುವುದಿಲ್ಲ ಅನ್ನುವುದು ನನಗೆ ಅಲ್ಲಿ ಕಂಡಿತು.

ಹಾಗಾಗಿ ಒಂದು ಸಲಕ್ಕೆ ಸಭೆಯ ಒಂದೇ ಜವಾಬ್ದಾರಿ ಇಟ್ಟುಕೊಳ್ಳಿ. ಒಪ್ಪುವ ಮುಂಚೆ ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನಿ. ಸಭಾಪಾಲಕರು, ಕಮಿಟಿಯವರು ಕೂಡ ಎಳೆಯ ಅಪ್ಪಅಮ್ಮಂದಿರಿಗೆ ಕೆಲಸ ಕೊಡುವಾಗ ಎರಡು ಸಲ ಯೋಚಿಸಬೇಕು. ತನ್ನ ಮನೆ ನೋಡಿಕೊಳ್ಳಲು ಬಾರದವನು ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ 1 ತಿಮೊಥೆ 3:5 ಕೇಳುತ್ತದೆ. ಹೊಸದಾಗಿ ಮದುವೆಯಾದವರನ್ನಂತೂ ಒಂದು ವರ್ಷ ಬಿಟ್ಟುಬಿಡಿ. ಹೊಸ ಮದುವೆಯವನನ್ನು ಯುದ್ಧಕ್ಕೂ ಬೇರೆ ಕೆಲಸಕ್ಕೂ ಕಳಿಸಬಾರದು, ಅವನು ಒಂದು ವರ್ಷ ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಅನ್ನುವುದು ಧರ್ಮೋಪದೇಶಕಾಂಡ 24:5ರ ಕಟ್ಟಳೆ.

ಏಳನೇ ಹೆಜ್ಜೆ: ಊರಲ್ಲಿರುವ ಹಿರಿಯರು

ಯೇಸು ಶಿಲುಬೆಯ ಮೇಲಿಂದಲೂ ತಾಯಿಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದ. ಲೋಕದ ರಕ್ಷಣೆಯ ಕೆಲಸ ನಡೆಯುತ್ತಿದ್ದ ಗಳಿಗೆಯಲ್ಲೂ ಅಮ್ಮನ ಊಟ, ಅಮ್ಮನ ಸೂರು ಅವನಿಗೆ ಸಣ್ಣ ವಿಷಯ ಆಗಲಿಲ್ಲ.

ಅಮ್ಮನಿಗೆ ಫೋನ್ ಮಾಡುವುದಕ್ಕೆ ಒಂದು ಗೊತ್ತಾದ ಹೊತ್ತು ಇಟ್ಟುಕೊಳ್ಳಿ. ಅವರು ಕಾಯಲು ಆಗುವಂಥ ಹೊತ್ತು. ವರ್ಷದ ಎರಡು ಭೇಟಿಯ ತಾರೀಕನ್ನು ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಬರೆಯಿರಿ. ರೈಲಿನ ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ಮೇ ತಿಂಗಳಲ್ಲಿ ಎಷ್ಟು ನೂಕುನುಗ್ಗಲು ಅಂತ ನಿಮಗೇ ಗೊತ್ತು. ಬುಕಿಂಗ್ ತೆರೆಯುವ ದಿನವನ್ನೂ ಬೇರೆಯಾಗಿ ಬರೆದಿಡಿ.

ಎಂಟನೇ ಹೆಜ್ಜೆ: ಬಿಗಿಯಾದ ದಿನಗಳಿಗೆ ಕೊನೆಯ ತಾರೀಕು ಇರಲಿ

ಎಷ್ಟೇ ಲೆಕ್ಕ ಹಾಕಿದರೂ ಮಾರ್ಚ್ ಬರುತ್ತದೆ. ಆಡಿಟ್ ಬರುತ್ತದೆ, ಹೋಟೆಲಿನವರಿಗೆ ಗಣಪತಿ ಹಬ್ಬ ಬರುತ್ತದೆ. ನೆಹೆಮೀಯನ ಕಾಲದಲ್ಲೂ ಜನ ಬೆಳಗಿನಿಂದ ನಕ್ಷತ್ರ ಮೂಡುವ ತನಕ ಯೆರೂಸಲೇಮಿನ ಗೋಡೆ ಕಟ್ಟಿದರು, ಬಟ್ಟೆ ಕೂಡ ಬದಲಾಯಿಸದೆ ಕಾವಲು ಕಾದರು. ಆದರೆ ಆ ಕೆಲಸ 52 ದಿನಕ್ಕೆ ಮುಗಿಯಿತು. ಇನ್ನೊಂದು ವಿಷಯ ನೆಹೆಮೀಯ 3ರಲ್ಲಿದೆ. ಬಹಳ ಜನ ಗೋಡೆ ಕಟ್ಟಿದ್ದು ತಮ್ಮ ತಮ್ಮ ಮನೆಯ ಎದುರಿಗೆ. ಕಲ್ಲು ಇಡುವ ಕೈಗೆ ಮನೆ ಕಾಣುತ್ತಿತ್ತು.

ಬಿಗಿಯಾದ ದಿನಗಳು ಶುರುವಾಗುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಹೇಳಿ: ಇಂಥ ತಾರೀಕಿಂದ ಇಂಥ ತಾರೀಕಿನ ತನಕ ತಡವಾಗುತ್ತದೆ. ಕೊನೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ದೊಡ್ಡ ವೃತ್ತ ಹಾಕಿ. ಅದರ ಮರುದಿನಕ್ಕೆ ಈಗಲೇ ರಜೆ ಬರೆದುಕೊಡಿ. ಆ ದಿನಗಳಲ್ಲೂ ಒಂದನ್ನು ಮಾತ್ರ ಬಿಡಬೇಡಿ. ನಾನು ಬೆಳಗಿನ ಹನ್ನೊಂದು ನಿಮಿಷದ ನಡಿಗೆಯನ್ನು ಬಿಡಲಿಲ್ಲ. ಕೊನೆಯ ತಾರೀಕು ದಾಟಿ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತಿದ್ದರೆ, ಅದು ಬಿಗಿಯಾದ ಕಾಲವಲ್ಲ, ನಿಮ್ಮ ಕೆಲಸವೇ ಹಾಗೆ. ಎರಡನೇ ಹೆಜ್ಜೆಯ ಹಾಳೆಯನ್ನು ಮತ್ತೆ ತೆಗೆಯಿರಿ.

ತಪ್ಪಿದಾಗ

ತಪ್ಪುತ್ತದೆ. ಆಗ ಮಗುವಿನ ಹತ್ತಿರ ಹೋಗಿ ಕ್ಷಮೆ ಕೇಳಿ. ಕಾರಣ ಹೇಳಬೇಡಿ. ಸಿಗ್ನಲ್ ಫೇಲ್ ಆಯಿತು, ಸರ್ ಬಿಡಲಿಲ್ಲ, ಇದೆಲ್ಲ ಮಕ್ಕಳಿಗೆ ಬೇಡ. ತಂದೆಗಳೇ, ನಿಮ್ಮ ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬೇಡಿ ಅಂತ ಕೊಲೊಸ್ಸೆ 3:21 ಹೇಳುತ್ತದೆ. ಕೊಟ್ಟ ಮಾತು ತಪ್ಪಿ ಸಮಜಾಯಿಷಿ ಕೊಡುವುದು ಕುಗ್ಗಿಸುವುದೇ.

ಒಂದು ಸೆಪ್ಟೆಂಬರ್‌ನಲ್ಲಿ ಮಗನ ಸಂಡೇ ಸ್ಕೂಲ್ ನಾಟಕದ ರಿಹರ್ಸಲ್‌ಗೆ ಬರುತ್ತೇನೆ ಅಂದವನು ಹೋಗಲಿಲ್ಲ. ರಾತ್ರಿ ಹತ್ತೂಕಾಲಿಗೆ ಮನೆ ಸೇರಿದೆ. ಅವನು ಎಚ್ಚರವಾಗಿದ್ದ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮಂಚದ ಅಂಚಿಗೆ ಕೂತು "ಬರ್ತೀನಿ ಅಂದಿದ್ದೆ, ಬರಲಿಲ್ಲ. ನನ್ನದು ತಪ್ಪು ಮಗಾ, ಕ್ಷಮಿಸು" ಅಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಿರುಗದೆಯೇ "ಅಪ್ಪ, ನಾಳೆಯೂ ರಿಹರ್ಸಲ್ ಇದೆ. ಏಳಕ್ಕೆ" ಅಂದ. ಮರುದಿನ ಆರೂಕಾಲಿಗೆ ಗಾಡಿ ಡೊಂಬಿವಲಿಯಲ್ಲಿ ನಿಂತಾಗ ನನಗಿಂತ ಮುಂಚೆ ಇಬ್ಬರೇ ಇಳಿದಿದ್ದರು. ಅವನು ದೈತ್ಯ ಗೊಲ್ಯಾತನ ಪಾತ್ರ ಮಾಡುತ್ತಿದ್ದ. ರಟ್ಟಿನ ಗುರಾಣಿಯನ್ನು ಅವನ ಕೈಗೆ ಕಟ್ಟಿಕೊಟ್ಟೆ, ಎರಡು ಸಲ ಬಿಚ್ಚಿಕೊಂಡಿತು, ಮೂರನೇ ಸಲ ಸರಿಯಾಗಿ ಕೂತಿತು.